ಚಾಕ್ ಪೇಂಟ್ ವಿಮರ್ಶೆ: ಪ್ಲೈವುಡ್ಡಿಗೆ ಸೈ, ಬೀಟೆಗೆ ಬೇಡ

ಹಳೆಯ ಮೇಜು, ಕುರ್ಚಿ, ಕಪಾಟುಗಳಿಗೆ ಚಾಕ್ ಪೇಂಟ್ ಬಳಿದು, ಅಂಚುಗಳನ್ನು ಉಪ್ಪು ಕಾಗದದಿಂದ ಉಜ್ಜಿ, ಬಹುಕಾಲ ಬಳಸಿ ಸವೆದಂತೆ ಕಾಣಿಸುವ ಪದ್ಧತಿ ನಮ್ಮಲ್ಲೂ ಈಚೆಗೆ ಹಬ್ಬಿದೆ. ಆಮದಾದ ಡಬ್ಬಿ, ಬೆಂಗಳೂರಿನ ಕರಕುಶಲ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ ಸಣ್ಣ ಬಾಟಲಿ, ಮನೆಯಲ್ಲೇ ಕಲಸಿಕೊಂಡ ಮಿಶ್ರಣ, ಈ ಮೂರನ್ನೂ ನಮ್ಮ ಮನೆಯ ಮತ್ತು ನೆಂಟರ ಮನೆಗಳ ಸಾಮಾನುಗಳ ಮೇಲೆ ಬಳಸಿ, ಅವು ಮಳೆಗಾಲವೊಂದನ್ನು ದಾಟಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಣ್ಣ ನಿಜಕ್ಕೂ ಚೆನ್ನಾಗಿದೆ. ಅದರ ಜೊತೆಗೆ ಮಾರುವ ಮೇಣ ನಮ್ಮ ಮನೆಗಳ ಬಳಕೆಗೆ ಅಷ್ಟಾಗಿ ಒಗ್ಗುವುದಿಲ್ಲ. ಹಳೆಯ ಮರದ ಸಾಮಾನು ಎಂದೊಡನೆ ನಮಗೆ ನೆನಪಾಗುವ ತೇಗ, ಬೀಟೆಗಳ ಮೇಲೆ ಇದನ್ನು ಬಳಿಯಲೇಬಾರದು.

ಈ ಬಣ್ಣವನ್ನು 1990ರಲ್ಲಿ ಮಾರುಕಟ್ಟೆಗೆ ತಂದವರು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಆ್ಯನಿ ಸ್ಲೋನ್. ಚಾಕ್ ಪೇಂಟ್ ಎಂಬುದು ಅವರ ಕಂಪನಿಯ ನೋಂದಾಯಿತ ಹೆಸರಾದ್ದರಿಂದ ಉಳಿದ ತಯಾರಕರು ಇದೇ ಬಗೆಯ ಬಣ್ಣವನ್ನು ಸ್ವಲ್ಪ ತಿರುಗಿಸಿದ ಹೆಸರುಗಳಲ್ಲಿ ಮಾರುತ್ತಾರೆ. ರಸ್ಟ್-ಓಲಿಯಂನವರದು ಬ್ರಿಟನ್ನಿನಲ್ಲಿ 'ಚಾಕಿ ಫಿನಿಶ್', ಅಮೆರಿಕದಲ್ಲಿ 'ಚಾಕ್ಡ್'. ಹೆಸರು ಯಾವುದಾದರೂ ಗುಣ ಒಂದೇ: ನೀರಿನಲ್ಲಿ ಕಲಸುವ, ದಪ್ಪನೆಯ, ಒಣಗಿದ ಮೇಲೆ ಒಂದಿಷ್ಟೂ ಹೊಳಪಿಲ್ಲದೆ ಸೀಮೆಸುಣ್ಣದ ಮೈಯಂತೆ ಕಾಣುವ ಬಣ್ಣ. ಶಾಲೆಯ ಕರಿಹಲಗೆಗೆ ಬಳಿಯುವ ಬಣ್ಣ ಬೇರೆ, ಇದು ಬೇರೆ. ಅಂಗಡಿಯಲ್ಲಿ ಕೇಳುವಾಗ ಈ ಗೊಂದಲ ಆಗಾಗ ಆಗುವುದರಿಂದ ಡಬ್ಬಿಯ ಮೇಲಿನ ಬರಹವನ್ನು ಓದಿಯೇ ಕೊಳ್ಳುವುದು ಒಳ್ಳೆಯದು.

ಉಜ್ಜಬೇಕಾಗಿಲ್ಲ, ಪ್ರೈಮರ್ ಬೇಕಾಗಿಲ್ಲ, ನೇರವಾಗಿ ಬಳಿಯಬಹುದು ಎಂಬುದು ಈ ಬಣ್ಣದ ಮುಖ್ಯ ಪ್ರಚಾರ. ಎನಾಮೆಲ್ ಬಳಿಯುವುದಾದರೆ ಹಳೆಯ ಪದರವನ್ನು ಉಜ್ಜಿ, ಪ್ರೈಮರ್ ಹೊಡೆದು, ಪುಟ್ಟಿ ತುಂಬಿ, ಮತ್ತೆ ಉಜ್ಜಿ, ಆಮೇಲೆ ಎರಡು ಕೋಟ್ ಬಳಿಯಬೇಕು; ಟರ್ಪೆಂಟೈನ್ ವಾಸನೆ ಮನೆಯಿಂದ ಹೋಗಲು ದಿನಗಟ್ಟಲೆ ಬೇಕು. ಅದಕ್ಕೆ ಹೋಲಿಸಿದರೆ ಪ್ರಚಾರದ ಮಾತು ಬಹುಮಟ್ಟಿಗೆ ನಿಜವೇ. ಹಳೆಯ ವಾರ್ನಿಷ್ ಮೇಲೆ ಬಣ್ಣ ಕಚ್ಚಿ ಹಿಡಿಯುತ್ತದೆ, ಒಂದು ಗಂಟೆಯೊಳಗೆ ಮುಟ್ಟುವಷ್ಟು ಒಣಗುತ್ತದೆ, ವಾಸನೆ ಬಹಳ ಕಡಿಮೆ, ಬ್ರಷ್ಷನ್ನು ನೀರಿನಲ್ಲೇ ತೊಳೆಯಬಹುದು. ಆದರೆ ಉಜ್ಜಬೇಕಾಗಿಲ್ಲ ಎಂದರೆ ತೊಳೆಯಬೇಕಾಗಿಲ್ಲ ಎಂದಲ್ಲ. ನಮ್ಮ ಸಾಮಾನುಗಳ ಮೇಲಿರುವ ಜಿಡ್ಡೇ ಬೇರೆ. ಒಗ್ಗರಣೆಯ ಹೊಗೆ ಹಿಡಿದ ಅಡುಗೆಮನೆಯ ಕಪಾಟು, ಎಣ್ಣೆ ಕುಂಕುಮ ಕುಡಿದ ದೇವರ ಮಂಟಪ, ತಲೆಯ ಎಣ್ಣೆ ಹತ್ತಿದ ಕುರ್ಚಿಯ ಬೆನ್ನು, ಇವನ್ನೆಲ್ಲ ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ತಿಕ್ಕಿ, ಶುದ್ಧ ನೀರಿನಲ್ಲಿ ಒರೆಸಿ, ಚೆನ್ನಾಗಿ ಒಣಗಿಸದೆ ಬಳಿದರೆ ಬಣ್ಣ ಜಿಡ್ಡಿನ ಮೇಲೆ ಕೂತಿರುತ್ತದೆಯೇ ಹೊರತು ಮರದ ಮೇಲಲ್ಲ. ಸನ್‌ಮೈಕಾದಂಥ ನುಣುಪಾದ ಮೈಯಾದರೆ 220 ನಂಬರಿನ ಉಪ್ಪು ಕಾಗದವನ್ನು ಹಗುರವಾಗಿ ಆಡಿಸಿದ ಮೇಲೆ ಬಳಿಯುವುದೇ ಕ್ಷೇಮ. ಇಲ್ಲದಿದ್ದರೆ ಉಗುರು ತಾಗಿದರೂ ಗೀರು ಬೀಳುತ್ತದೆ. ಮರದಲ್ಲಿ ಕುಟ್ಟೆ ಹಿಡಿದಿದ್ದರೆ ಮೊದಲು ಅದಕ್ಕೆ ಔಷಧ ಹಾಕಿಸಬೇಕು, ಬಣ್ಣದಿಂದ ಹುಳು ಸಾಯುವುದಿಲ್ಲ.

ಈ ಬಣ್ಣ ಅತ್ಯುತ್ತಮವಾಗಿ ಒದಗಿ ಬರುವುದು ಯಾರಿಗೂ ಹೆಚ್ಚಿನ ಅಭಿಮಾನವಿಲ್ಲದ ಸಾಮಾನುಗಳಿಗೆ. ಮನೆ ಬದಲಿಸುವಾಗಲೆಲ್ಲ ಬಿಟ್ಟುಹೋಗೋಣವೇ ಎಂದು ಯೋಚಿಸುವ ಪ್ಲೈವುಡ್ಡಿನ ಡ್ರೆಸಿಂಗ್ ಟೇಬಲ್, ಮಕ್ಕಳು ಓದಿ ಮುಗಿಸಿದ ಮೇಲೆ ಮೂಲೆ ಸೇರಿದ ಬರೆಯುವ ಮೇಜು, ಗುಜರಿಗೆ ಹಾಕಲು ಹೊರಟ ಸ್ಟೂಲು, ಇಂಥವು ಎರಡು ಕೋಟ್ ಬಣ್ಣದಲ್ಲಿ ಗುರುತೇ ಸಿಗದಷ್ಟು ಬದಲಾಗುತ್ತವೆ. ಬೆತ್ತದ ಕುರ್ಚಿಗೆ ಸ್ವಲ್ಪ ನೀರು ಬೆರೆಸಿ ತೆಳುವಾಗಿ ಬಳಿದರೆ ಹೆಣಿಗೆಯ ಸಂದುಗಳಲ್ಲಿ ಬಣ್ಣ ಗಟ್ಟಿಯಾಗಿ ನಿಲ್ಲದೆ ಚೆನ್ನಾಗಿ ಕೂರುತ್ತದೆ. ಉಕ್ಕಿನ ಬೀರುವಿಗೂ ಬಳಿಯಬಹುದು. ಆದರೆ ಇದು ನೀರಿನ ಬಣ್ಣವಾದ್ದರಿಂದ ಬರಿಯ ಕಬ್ಬಿಣ ಕಾಣುವ ಕಡೆಗಳಲ್ಲಿ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚದಿದ್ದರೆ ತುಕ್ಕಿನ ಚುಕ್ಕಿ ಕೆಲವೇ ದಿನಗಳಲ್ಲಿ ಬಣ್ಣವನ್ನು ದಾಟಿ ಮೇಲೆ ಬರುತ್ತದೆ.

ಘನ ಮರದ ಮಾತು ಬೇರೆ. ತೇಗ, ಬೀಟೆ, ಹೊನ್ನೆ, ಮಹಾಗನಿಯಂಥ ಮರಗಳಲ್ಲಿ ಟ್ಯಾನಿನ್ ಮುಂತಾದ ಬಣ್ಣಗೂಡಿದ ಪದಾರ್ಥಗಳಿರುತ್ತವೆ, ಅವು ನೀರಿನಲ್ಲಿ ಕರಗುತ್ತವೆ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಗಾಗುವಷ್ಟರಲ್ಲಿ ನೀರಿನ ಬಣ್ಣ ತಿರುಗಿರುವುದನ್ನು ಅನೇಕರು ಕಂಡಿರುತ್ತಾರೆ. ಚಾಕ್ ಪೇಂಟಿನ ಕೆಳಗೆ ನಡೆಯುವುದೂ ಅದೇ. ಬಣ್ಣದಲ್ಲಿರುವ ನೀರು ಮರದ ಸತ್ವವನ್ನು ಮೇಲಕ್ಕೆಳೆಯುತ್ತದೆ, ಬಿಳಿ ಅಥವಾ ತಿಳಿನೀಲಿ ಬಳಿದ ಕಡೆಯೆಲ್ಲ ಹಳದಿ, ಕಂದು, ಕೆಲವೊಮ್ಮೆ ಗುಲಾಬಿ ಬಣ್ಣದ ಕಲೆಗಳು ಮೂಡುತ್ತವೆ. ಇನ್ನೊಂದು ಕೋಟ್ ಬಳಿದರೆ ಕಲೆ ಮುಚ್ಚುವುದಿಲ್ಲ, ಇನ್ನೊಂದು ಸಲ ಮೇಲೆ ಬರುತ್ತದೆ. ಇದಕ್ಕೆ ಮದ್ದು ಅರಗು. ಮೇಣ ತೆಗೆದ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಎರಡು ತೆಳು ಪದರ ಕೊಟ್ಟರೆ ಕಲೆ ಕೆಳಗೇ ನಿಲ್ಲುತ್ತದೆ. ನಮ್ಮ ಹಿರಿಯರು ಮಾಡಿಸಿದ ಸಾಮಾನುಗಳ ಮೇಲಿರುವ ಫ್ರೆಂಚ್ ಪಾಲಿಷ್ ಕೂಡ ಅರಗಿನದೇ ಆದ್ದರಿಂದ, ಪಾಲಿಷ್ ಗಟ್ಟಿಯಾಗಿ ಉಳಿದಿರುವ ಕಡೆ ಉಜ್ಜದೆ ಬಳಿಯುವುದರಿಂದ ಲಾಭವೇ ಇದೆ. ಕಲೆ ಮೊದಲು ಕಾಣಿಸಿಕೊಳ್ಳುವುದು ಕೈ, ನೀರು, ಬಿಸಿಲು ತಾಗಿ ಪಾಲಿಷ್ ಸವೆದ ಮೇಲ್ಹಲಗೆಯಲ್ಲಿ.

ಕಲೆ ತಡೆಯುವ ಉಪಾಯ ಇದೆ ಎಂದಮಾತ್ರಕ್ಕೆ ಬೀಟೆಯ ಮೇಲೆ ಬಳಿಯಬೇಕೆಂದೇನೂ ಇಲ್ಲ. ಬೀಟೆ ಮರ ಇಂದು ಸುಲಭವಾಗಿ ಸಿಗುವುದಿಲ್ಲ, ಅದರ ಅಂತರರಾಷ್ಟ್ರೀಯ ವ್ಯಾಪಾರವೂ ಅಳಿವಿನಂಚಿನ ಸಸ್ಯ, ಪ್ರಾಣಿಗಳ ರಕ್ಷಣೆಗೆಂದು ದೇಶಗಳು ಮಾಡಿಕೊಂಡ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಅಜ್ಜನ ಕಾಲದ ಬೀಟೆ ಕುರ್ಚಿಯ ಕಪ್ಪು ನೇರಳೆ ಗೆರೆಗಳನ್ನು ತಿಳಿಬೂದು ಬಣ್ಣದಲ್ಲಿ ಮುಚ್ಚುವುದಕ್ಕಿಂತ, ಕೈ ಪಳಗಿದ ಪಾಲಿಷ್‌ನವರನ್ನು ಕರೆಸಿ ಮತ್ತೆ ಪಾಲಿಷ್ ಮಾಡಿಸುವುದು ಲೇಸು. ಮೈಸೂರಿನ ಕೆತ್ತಿ ಕೂರಿಸಿದ ಚಿತ್ತಾರದ ಕೆಲಸವಿರುವ ಸಾಮಾನಾದರಂತೂ ಬಣ್ಣದ ಡಬ್ಬಿಯನ್ನು ಅದರ ಹತ್ತಿರ ತರುವುದೂ ಬೇಡ. ಬಳಿದ ಬಣ್ಣವನ್ನು ಆಮೇಲೆ ತೆಗೆಯಬಹುದಲ್ಲ ಎನ್ನುವವರಿದ್ದಾರೆ. ಮರದ ರಂಧ್ರಗಳಲ್ಲಿ, ಕೆತ್ತನೆಯ ಸಂದುಗಳಲ್ಲಿ ಇಳಿದ ಬಿಳಿಯನ್ನು ಪೂರ್ತಿಯಾಗಿ ತೆಗೆಯುವುದು ಎಷ್ಟು ಕಷ್ಟವೆಂದು ಯಾವ ಬಡಗಿಯನ್ನು ಕೇಳಿದರೂ ಹೇಳುತ್ತಾನೆ.

ಇನ್ನು ಮೇಣ. ಚಾಕ್ ಪೇಂಟ್ ಒಣಗಿದ ಮೇಲೆ ಸಣ್ಣ ರಂಧ್ರಗಳಿಂದ ಕೂಡಿದ ಮೈಯಾಗಿ ಉಳಿಯುತ್ತದೆ. ಒದ್ದೆ ಬೆರಳಿಟ್ಟರೂ ಗುರುತಾಗುತ್ತದೆ. ಹೀಗಾಗಿ ಮೇಲೆ ರಕ್ಷಣೆಯ ಪದರವೊಂದು ಬೇಕೇ ಬೇಕು, ಮೂಲ ಪದ್ಧತಿಯಲ್ಲಿ ಅದು ಮೃದುವಾದ ಮೇಣ. ಬ್ರಷ್ಷಿನಿಂದ ಅಥವಾ ಬಟ್ಟೆಯಿಂದ ತೆಳುವಾಗಿ ಹಚ್ಚಿ, ಬಣ್ಣದೊಳಗೆ ಇಳಿಯುವಂತೆ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಬೇಕು. ಮೇಣ ಹಚ್ಚಿದ ಕೂಡಲೇ ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಮುಟ್ಟಿದರೆ ಮಗುವಿನ ಕೆನ್ನೆಯಂಥ ನಯ. ಇದನ್ನು ಅನುಭವಿಸಿದವರು ಮೇಣವನ್ನು ಏಕೆ ಹೊಗಳುತ್ತಾರೆ ಎಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ತೊಂದರೆ ಇರುವುದು ಬಳಕೆಯಲ್ಲಿ. ಮೇಣ ಪೂರ್ತಿಯಾಗಿ ಗಟ್ಟಿಯಾಗಲು 5ರಿಂದ 21 ದಿನ ಬೇಕೆಂದು ತಯಾರಕರೇ ಹೇಳುತ್ತಾರೆ, ಆಮೇಲೂ ಅದು ಶಾಖಕ್ಕೆ, ಸ್ಪಿರಿಟ್‌ಗೆ ಬಗ್ಗುತ್ತದೆ. ಶುದ್ಧ ಜೇನುಮೇಣವೇ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ಈಗತಾನೆ ಬಸಿದ ಕಾಫಿ ತುಂಬಿದ ಸ್ಟೀಲ್ ಲೋಟದ ತಳ ಅದಕ್ಕೇನೂ ಕಡಿಮೆ ಇರುವುದಿಲ್ಲ. ಇಂಗ್ಲೆಂಡಿನ ಪಿಂಗಾಣಿ ಕಪ್ಪಿಗೆ ಕೆಳಗೊಂದು ತಟ್ಟೆ ಇರುತ್ತದೆ, ನಮ್ಮ ಲೋಟ ನೇರವಾಗಿ ಮೇಜಿನ ಮೇಲೆ ಕೂರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಕಿಟಕಿಯ ಬಿಸಿಲಿಗೆ ಸಿಕ್ಕ ಮೇಣದ ಮೈ ಮತ್ತೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಒದ್ದೆ ಬಟ್ಟೆಯಿಂದ ದಿನಾ ಒರೆಸುವ ನಮ್ಮ ಅಭ್ಯಾಸಕ್ಕೂ ಮೇಣ ಬಹುಕಾಲ ತಡೆಯುವುದಿಲ್ಲ, ವರ್ಷಕ್ಕೊಮ್ಮೆಯಾದರೂ ಮತ್ತೆ ಹಚ್ಚಬೇಕಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ, ಗಾಳಿಯಾಡದ ಕೋಣೆಯಲ್ಲಿ, ಕಪಾಟಿನ ಹಿಂಬದಿಯಂಥ ಯಾರೂ ಮೇಣ ಹಚ್ಚದೆ ಬಿಡುವ ಜಾಗದಲ್ಲಿ ಬೂಷ್ಟು ಬರುವುದನ್ನು ತೀರ್ಥಹಳ್ಳಿಯ ಕಡೆಯ ನೆಂಟರ ಮನೆಯಲ್ಲಿ ಕಣ್ಣಾರೆ ಕಂಡೆ. ಅದೇ ಮನೆಯಲ್ಲಿ ನೀರಿನ ವಾರ್ನಿಷ್ ಹೊಡೆದ ಸ್ಟೂಲಿಗೆ ಏನೂ ಆಗಿರಲಿಲ್ಲ.

ಆದ್ದರಿಂದ ಮೇಜಿನ ಮೇಲ್ಹಲಗೆ, ಅಡುಗೆಮನೆಯ ಕಪಾಟು, ಕುಳಿತುಕೊಳ್ಳುವ ಮಣೆ ಇವುಗಳಿಗೆ ಹೊಳಪಿಲ್ಲದ, ನೀರಿನ ಪಾಲಿಯುರೆಥೇನ್ ವಾರ್ನಿಷ್ ಹೊಡೆಯುವುದೇ ಸರಿ ಎಂಬುದು ನನ್ನ ನಿರ್ಣಯ. ಮೂಲ ತಯಾರಕರೂ ಹೆಚ್ಚು ಬಳಕೆಯ ಮೈಗಳಿಗೆಂದು ಮೇಣದ ಬದಲು ವಾರ್ನಿಷ್‌ನಂಥ ಲ್ಯಾಕರ್ ಮಾರುತ್ತಾರೆ. ಎಣ್ಣೆಯ ವಾರ್ನಿಷ್ ಅಗ್ಗವೆಂದು ಬಿಳಿಯ ಮೇಲೆ ಹೊಡೆದರೆ ಕಾಲಕ್ರಮೇಣ ಹಳದಿಯಾಗುತ್ತದೆ. ಒಂದು ವಿಷಯ ನೆನಪಿರಲಿ: ಮೇಣ ಹಚ್ಚಿದ ಮೈಮೇಲೆ ವಾರ್ನಿಷ್ ನಿಲ್ಲುವುದಿಲ್ಲವಾದ್ದರಿಂದ ಎರಡರಲ್ಲಿ ಯಾವುದೆಂದು ಮೊದಲೇ ತೀರ್ಮಾನಿಸಬೇಕು. ಗೋಡೆಗೆ ತಗುಲಿಸುವ ಚೌಕಟ್ಟು, ಪುಸ್ತಕದ ಕಪಾಟಿನ ಹೊರಮೈ, ಅಲಂಕಾರದ ಪೆಟ್ಟಿಗೆ, ಇಂಥವಕ್ಕೆ ಮಾತ್ರ ಮೇಣವನ್ನು ಇಟ್ಟುಕೊಳ್ಳಬಹುದು, ಅಲ್ಲಿ ಅದರ ನಯಕ್ಕೆ ಸಾಟಿಯಿಲ್ಲ.

ಈಗ ಸವೆದಂತೆ ಕಾಣಿಸುವ ಕೆಲಸಕ್ಕೆ ಬರೋಣ. ಎಷ್ಟೋ ಜನ ಚಾಕ್ ಪೇಂಟ್ ಕೊಳ್ಳುವುದೇ ಇದಕ್ಕಾಗಿ. ಗಟ್ಟಿ ಎನಾಮೆಲ್ ಉಜ್ಜಿದರೆ ಸಿಪ್ಪೆಯಾಗಿ ಏಳುತ್ತದೆ, ಚಾಕ್ ಪೇಂಟ್ ಮಾತ್ರ ಪುಡಿಪುಡಿಯಾಗಿ, ನಮ್ಮ ಕೈಯ ಒತ್ತಡಕ್ಕೆ ತಕ್ಕಂತೆ, ಹಂತಹಂತವಾಗಿ ಸವೆಯುತ್ತದೆ. ಈ ಗುಣದಲ್ಲಿ ನಾನು ಬಳಸಿದ ಬೇರಾವ ಬಣ್ಣವೂ ಇದರ ಹತ್ತಿರ ಬರುವುದಿಲ್ಲ. ಮೇಣ ಹಚ್ಚುವುದಾದರೆ ಮೊದಲ ಪದರ ಹಚ್ಚಿದ ಮೇಲೆ ಉಜ್ಜುವುದು ಒಳ್ಳೆಯದು, ಏಕೆಂದರೆ ಪುಡಿ ಗಾಳಿಗೆ ಹಾರದೆ ಮೇಣಕ್ಕೆ ಅಂಟಿ ಉಂಡೆಯಾಗಿ ಬೀಳುತ್ತದೆ. ಗಾಢ ಬಣ್ಣದ ಮೇಣವನ್ನು ಸಂದುಗಳಿಗೆ ತುಂಬಿ ಹಳೆಯ ಕೊಳೆಯಂತೆ ಕಾಣಿಸಬೇಕೆಂದರೆ ಅದರ ಕೆಳಗೆ ಬಣ್ಣವಿಲ್ಲದ ಮೇಣ ಇರಲೇಬೇಕು. ಬರಿಯ ಬಣ್ಣದ ಮೇಲೆ ಹಚ್ಚಿದ ಕಪ್ಪು ಮೇಣ ಶಾಶ್ವತ ಕಲೆಯಾಗುತ್ತದೆ.

ಎಲ್ಲಿ ಉಜ್ಜಬೇಕು ಎಂಬುದೇ ಇಲ್ಲಿ ನಿಜವಾದ ಕುಶಲತೆ. ಕುರ್ಚಿಯ ಕೈಯ ತುದಿ, ಡ್ರಾಯರಿನ ಹಿಡಿಯ ಸುತ್ತಮುತ್ತ, ಕಾಲೂರುವ ಕೆಳಪಟ್ಟಿ, ಕಪಾಟಿನ ಬಾಗಿಲಿನ ಬೀಗದ ಪಕ್ಕ, ಅಂದರೆ ಕೈಕಾಲು, ಬಟ್ಟೆ, ಪೊರಕೆ ದಿನನಿತ್ಯ ತಾಗುವ ಕಡೆ ಬಣ್ಣ ಸವೆದರೆ ಕಣ್ಣು ಒಪ್ಪುತ್ತದೆ. ಬಾಗಿಲಿನ ನಟ್ಟನಡುವೆ, ಯಾರ ಕೈಯೂ ತಾಗದ ಕಡೆ ಉಜ್ಜಿ ಬರಿಮರ ಕಾಣಿಸಿದರೆ ಅದು ಸವೆತದಂತೆ ಕಾಣದು, ಗಾಯದಂತೆ ಕಾಣುತ್ತದೆ. ಮಾರಾಟಕ್ಕಿಟ್ಟ ಸಾಮಾನುಗಳಲ್ಲಿ ನಾಲ್ಕೂ ಅಂಚನ್ನು ಒಂದೇ ಅಳತೆಗೆ ಉಜ್ಜಿರುವುದನ್ನು ನೋಡಿದಾಗ, ಯಂತ್ರ ಹಿಡಿದು ಮಾಡಿದ ಕೆಲಸವೆಂದು ದೂರದಿಂದಲೇ ಗೊತ್ತಾಗುತ್ತದೆ. ನಮ್ಮ ಮನೆಗಳಲ್ಲಿ ಇನ್ನೊಂದು ಕಷ್ಟವೂ ಇದೆ. ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸುವವರ ಕಣ್ಣಿಗೆ ಬಣ್ಣ ಕಿತ್ತ ಸಾಮಾನು ಅಲಕ್ಷ್ಯದ ಗುರುತು. ಮುಗಿದ ಕಪಾಟನ್ನು ನೋಡಿದ ನಮ್ಮ ದೊಡ್ಡಮ್ಮ, "ಪಾಪ, ಬಣ್ಣ ಸಾಲಲಿಲ್ವೇನೋ?" ಎಂದು ಕೇಳಿದರು. ಅವರನ್ನು ತಪ್ಪೆನ್ನಲಾರೆ. ಸ್ವಲ್ಪವೇ ಉಜ್ಜಿ, ಒಂದು ದಿನ ಬಿಟ್ಟು ನೋಡಿ, ಬೇಕಾದರೆ ಇನ್ನಷ್ಟು ಉಜ್ಜುವುದು ಇಂಥ ಮನೆಗಳಲ್ಲಿ ಎಲ್ಲರಿಗೂ ಹಿತ.

ಘನ ಮರದ ಮೇಲೆ ಸವೆತ ಚೆಂದ ಕಾಣುತ್ತದೆ, ಆದರೆ ನಮ್ಮ ಒಳ್ಳೆಯ ಘನ ಮರಕ್ಕೆ ಬಣ್ಣ ಬಳಿಯಬಾರದು. ಪ್ಲೈವುಡ್ಡಿಗೆ ಬಣ್ಣ ಬಳಿಯಬೇಕು, ಆದರೆ ಉಜ್ಜಿದರೆ ಅಂಚಿನಲ್ಲಿ ಅಂಟು ಪದರಗಳ ಗೆರೆಯಷ್ಟೇ ಕಾಣುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಎರಡು ಬಣ್ಣದ ವಿಧಾನವಿದೆ. ಕೆಳಗೊಂದು ಬಣ್ಣ ಬಳಿದು, ಒಣಗಿದ ಮೇಲೆ ಸವೆಯಬೇಕಾದ ಕಡೆಗಳಲ್ಲಿ ಮನೆಯ ಮೇಣದ ಬತ್ತಿಯನ್ನು ಉಜ್ಜಿ, ಅದರ ಮೇಲೆ ಇನ್ನೊಂದು ಬಣ್ಣ ಬಳಿದರೆ, ಬತ್ತಿ ತಾಗಿದ ಕಡೆ ಮೇಲಿನ ಬಣ್ಣ ಹಗುರ ಉಜ್ಜುವಿಕೆಗೇ ಬಿಟ್ಟುಕೊಂಡು ಕೆಳಗಿನದು ಇಣುಕುತ್ತದೆ, ಪ್ಲೈವುಡ್ಡಿನ ಮೈಗೆ ಉಪ್ಪು ಕಾಗದ ಮುಟ್ಟುವುದೇ ಇಲ್ಲ. ಕೆಳಗೆ ಇಟ್ಟಿಗೆ ಕೆಂಪು, ಮೇಲೆ ಗಾಢ ನೀಲಿ ಅಥವಾ ಮಾವಿನೆಲೆ ಹಸಿರು ಇಟ್ಟರೆ ನಮ್ಮ ಮನೆಗಳಿಗೆ ಒಪ್ಪುತ್ತದೆ. ಆಮದಾದ ಬಣ್ಣಪಟ್ಟಿಯ ಮಸುಕು ಬೂದು, ಮಸುಕು ಬಿಳಿಗಳು ಉತ್ತರ ಯೂರೋಪಿನ ಮಂಕು ಬೆಳಕಿಗೆ ಹೊಂದುವಂಥವು. ನಮ್ಮ ಬಿಸಿಲಿನಲ್ಲಿ, ರೆಡ್ ಆಕ್ಸೈಡ್ ನೆಲದ ಪಕ್ಕದಲ್ಲಿ, ಅವು ಸಪ್ಪೆಯಾಗಿ ಕಾಣುತ್ತವೆ ಎಂಬುದು ನನ್ನ ಅನಿಸಿಕೆ.

ಮೂರನೆಯ ಬಗೆಯ ಸಾಮಾನೊಂದಿದೆ: ಸಾಧಾರಣ ಮರದಲ್ಲಿ ಮಾಡಿ, ತಲೆಮಾರುಗಳಿಂದ ಹಸಿರು, ನೀಲಿ ಎನಾಮೆಲ್ ಬಳಿಯುತ್ತ ಬಂದ ಮಂಚ, ತೊಟ್ಟಿಲು, ಬೆಂಚು. ಉಜ್ಜಿದಾಗ ಪದರದ ಕೆಳಗೆ ಪದರವಾಗಿ ಹಳೆಯ ಬಣ್ಣಗಳು ಕಾಣಿಸುವುದರಿಂದ ಇವು ನೋಡಲು ಅತ್ಯಂತ ಸೊಗಸು, ಆರೋಗ್ಯದ ದೃಷ್ಟಿಯಿಂದ ಅತ್ಯಂತ ಅಪಾಯ. ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚಿರದಂತೆ ಮಿತಿಗೊಳಿಸುವ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಎನಾಮೆಲ್ ಪದರಗಳಲ್ಲಿ ಸೀಸ ಇದೆಯೆಂದೇ ಭಾವಿಸಿ ನಡೆದುಕೊಳ್ಳಬೇಕು. ಒಣ ಉಪ್ಪು ಕಾಗದದಿಂದ ಉಜ್ಜಿದರೆ ಏಳುವ ಪುಡಿ ನೆಲದಲ್ಲಿ ಆಡುವ ಮಕ್ಕಳ ಬಾಯಿಗೆ ಹೋಗುತ್ತದೆ. ಚಾಕ್ ಪೇಂಟಿನ ಪುಸ್ತಿಕೆಗಳಲ್ಲಿ, ವಿಡಿಯೊಗಳಲ್ಲಿ ಅಂಚು ಉಜ್ಜುವ ಸೊಗಸಿಗೆ ಸಿಗುವ ಜಾಗ ಈ ಎಚ್ಚರಿಕೆಗೆ ಸಿಗುವುದಿಲ್ಲ. ಇಂಥ ಸಾಮಾನನ್ನು ಉಜ್ಜಲೇಬೇಕಾದರೆ ನೀರು ಹಚ್ಚಿ, ನೀರಿಗೆ ತಡೆಯುವ ಕಾಗದದಿಂದ, ಮನೆಯ ಹೊರಗೆ, ಒಳ್ಳೆಯ ಮಾಸ್ಕ್ ಹಾಕಿಕೊಂಡು ಉಜ್ಜಬೇಕು. ಕೆಸರನ್ನು ಬಟ್ಟೆಯಲ್ಲಿ ಬಳಿದು ತೆಗೆಯಬೇಕು, ಪೊರಕೆಯಿಂದ ಗುಡಿಸಬಾರದು. ಮಗು ಮಲಗುವ ತೊಟ್ಟಿಲಿಗೆ, ಮಕ್ಕಳು ಅಂಚು ಕಚ್ಚುವ ಮಂಚಕ್ಕೆ ಸವೆತದ ಅಲಂಕಾರ ಬೇಡವೇ ಬೇಡ. ಹಳೆಯ ಪದರ ಮತ್ತೆ ಹೊರಗೆ ಬರದಂತೆ ಮುಚ್ಚಿ, ಮೇಲೆ ಗಟ್ಟಿ ವಾರ್ನಿಷ್ ಹೊಡೆದುಬಿಡಬೇಕು.

ಬೆಲೆಯ ವಿಚಾರ. ಒಂದು ಲೀಟರ್ ಆಮದು ಬಣ್ಣದ ದುಡ್ಡಿಗೆ ಇಲ್ಲಿ ಒಳ್ಳೆಯ ಎಮಲ್ಷನ್ ಹಲವು ಲೀಟರ್ ಬರುತ್ತದೆ, ಮೇಣಕ್ಕೆ ಬೇರೆ ಖರ್ಚು. ಆದರೆ ಒಂದು ಲೀಟರು ಸುಮಾರು 13 ಚದರ ಮೀಟರಿಗೆ ಬರುತ್ತದೆ ಎಂಬುದು ತಯಾರಕರ ಲೆಕ್ಕ. ಆರು ಅಡಿ ಎತ್ತರ, ಮೂರು ಅಡಿ ಅಗಲ, ಒಂದೂವರೆ ಅಡಿ ಆಳದ ಬೀರುವಿನ ಮುಂಭಾಗ, ಎರಡು ಪಕ್ಕ, ಮೇಲ್ಭಾಗ ಸೇರಿ ನಾಲ್ಕು ಚದರ ಮೀಟರಿಗೂ ಕಡಿಮೆ. ಎರಡು ಕೋಟ್ ಬಳಿದ ಮೇಲೂ ಒಂದು ಸಣ್ಣ ಮೇಜಿಗೆ ಆಗುವಷ್ಟು ಉಳಿಯುತ್ತದೆ. ಇಲ್ಲಿನ ಸಣ್ಣ ಬಾಟಲಿಗಳು ತಟ್ಟೆ, ಪೆಟ್ಟಿಗೆ, ಫೋಟೊ ಚೌಕಟ್ಟಿಗೆ ಸರಿಹೋಗುತ್ತವೆ. ಬೀರುವಿಗೆ ಬೇಕಾಗುವಷ್ಟು ಬಾಟಲಿ ಕೊಂಡರೆ ಲೀಟರಿನ ಲೆಕ್ಕದಲ್ಲಿ ಏನೂ ಉಳಿತಾಯವಿಲ್ಲ, ಬಾಟಲಿಯಿಂದ ಬಾಟಲಿಗೆ ಬಣ್ಣದ ಛಾಯೆಯೂ ಸ್ವಲ್ಪ ಬದಲಾಗಬಹುದು. ದೊಡ್ಡ ಸಾಮಾನಿಗೆ ಬೇಕಾದಷ್ಟನ್ನೂ ಮೊದಲೇ ಒಂದು ಬಕೆಟ್ಟಿನಲ್ಲಿ ಬೆರೆಸಿಕೊಂಡು ಬಳಿಯಬೇಕು.

ಮನೆಯಲ್ಲೇ ಕಲಸುವವರು ಹೊಳಪಿಲ್ಲದ ಎಮಲ್ಷನ್ ಮೂರು ಪಾಲಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಒಂದು ಪಾಲು, ಮೊದಲು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸೇರಿಸುತ್ತಾರೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ, ಖರ್ಚು ಬಹಳ ಕಡಿಮೆ. ಕಲಸಿದ್ದು ಗಟ್ಟಿಯಾಗತೊಡಗುವುದರಿಂದ ಆಗಿಂದಾಗ ಬೇಕಾದಷ್ಟನ್ನೇ ಕಲಸಬೇಕು. ಪ್ಲಾಸ್ಟರಿನ ಬದಲು ಚಾಕ್ ಪೌಡರ್ ಹಾಕಿದರೆ ಈ ತೊಂದರೆ ಇಲ್ಲ. ಹಿಂದೆ ಗೋಡೆಗೆ ಬಳಿಯುತ್ತಿದ್ದ ಒಣ ಡಿಸ್ಟೆಂಪರಿಗೂ ಚಾಕ್ ಪೇಂಟಿಗೂ ಹತ್ತಿರದ ನಂಟಿದೆ. ಒರಗಿದರೆ ಅಂಗಿಗೆ ಪುಡಿ ಹತ್ತುತ್ತಿದ್ದ ಆ ಬಣ್ಣದಲ್ಲಿ ಹಿಡಿದಿಡುವ ಅಂಟು ಕಡಿಮೆ, ಇದರಲ್ಲಿ ಸಾಕಷ್ಟಿದೆ. ಮನೆಯ ಮಿಶ್ರಣದಲ್ಲಿ ಪುಡಿ ಹೆಚ್ಚಾದರೆ ನೇರವಾಗಿ ಡಿಸ್ಟೆಂಪರಿನ ಗತಿಯೇ ಆಗುತ್ತದೆ. ಅಳತೆ ಸರಿಯಿದ್ದಾಗ ನಮ್ಮ ಪುಸ್ತಕದ ಕಪಾಟಿಗೆ ಬಳಿದ ಮನೆಯ ಮಿಶ್ರಣ ನೋಟದಲ್ಲಿ ಆಮದು ಬಣ್ಣಕ್ಕಿಂತ ಹಿಂದೆ ಬೀಳಲಿಲ್ಲ. ಉಜ್ಜುವಾಗ ಮಾತ್ರ ವ್ಯತ್ಯಾಸ ತಿಳಿಯಿತು: ಎಮಲ್ಷನ್ನಿನ ರಬ್ಬರಿನಂಥ ಗುಣದಿಂದ ಅಂಚು ಪುಡಿಯಾಗಿ ಸವೆಯದೆ ಅಲ್ಲಲ್ಲಿ ಸುರುಳಿಯಾಗಿ ಎದ್ದಿತು. ಸವೆತ ಬೇಡ, ಬಣ್ಣ ಮಾತ್ರ ಸಾಕು ಎನ್ನುವವರು ಆಮದು ಡಬ್ಬಿಗೆ ದುಡ್ಡು ಸುರಿಯಬೇಕಾಗಿಲ್ಲ. ಅಂಚು ಸವೆದ ನೋಟವೇ ಬೇಕೆನ್ನುವವರು ಅರ್ಧ ಡಬ್ಬಿಯನ್ನು ಗೆಳೆಯರೊಂದಿಗೆ ಹಂಚಿಕೊಂಡಾದರೂ ಮೂಲ ಬಣ್ಣವನ್ನೇ ಕೊಳ್ಳಲಿ. ತೆರೆದ ಡಬ್ಬಿಯಿಂದ ಬೇಕಾದಷ್ಟನ್ನು ಬೇರೆ ಬಟ್ಟಲಿಗೆ ಸುರಿದುಕೊಂಡು, ಅಂಚು ಒರೆಸಿ, ಮುಚ್ಚಳವನ್ನು ಬಿಗಿಯಾಗಿ ಹಾಕಿ ನೆರಳಿನಲ್ಲಿಡಬೇಕು. ಗಟ್ಟಿಯಾದರೆ ಸ್ವಲ್ಪ ನೀರು ಬೆರೆಸಿ ತಿಳಿಯಾಗಿಸಿಕೊಳ್ಳಬಹುದು, ವಾಸನೆ ಕೆಟ್ಟಿದ್ದರೆ ಎಸೆಯುವುದೊಂದೇ ದಾರಿ.